ದೊಡ್ಡವನಿಗೆ ನೆಟ್ಟ ಮರ, ಚಿಕ್ಕವನಿಗೆ ಆಯ್ತು

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಭಾನುವಾರ ನನ್ನ ಸಹೋದ್ಯೋಗಿಯ ಮನೆ ಹಿತ್ತಲಲ್ಲಿ ಎರಡು ತೇಗದ ಮರ ಕಡಿದರು. ನಾನು ಅಲ್ಲೇ ನಿಂತಿದ್ದೆ. ಅವತ್ತಿನಿಂದ ಈ ವಿಷಯ ತಲೆಯಲ್ಲಿ ಸುತ್ತುತ್ತಲೇ ಇದೆ. ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ಗೊತ್ತಿಲ್ಲದವರಿಗೆ ಹೇಳ್ತೀನಿ, ನಾನು ನಾಲ್ಕು ವರ್ಷದಿಂದ ಇಂಡೋನೇಷ್ಯಾದಲ್ಲಿ, ಜಾವಾ ದ್ವೀಪದ ಯೋಗ್ಯಕರ್ತಾದಲ್ಲಿ ಇದ್ದೇನೆ. ಗಾರ್ಮೆಂಟ್ಸ್ ಕೆಲಸ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ಊರು ಇಲ್ಲಿಂದ ಬೈಕಿನಲ್ಲಿ ಒಂದೂವರೆ ಗಂಟೆ ದೂರ, ಗುನುಂಗ್‌ಕಿದುಲ್ ಜಿಲ್ಲೆಯ ದಕ್ಷಿಣದ ತುದಿಯಲ್ಲಿ. ರಜೆ ಸಿಕ್ಕರೆ ಅಲ್ಲಿಗೇ ಹೋಗಿಬಿಡುತ್ತೇನೆ. ಅವರ ಅಮ್ಮನನ್ನು ನಾನೂ ಇಬು ಅಂತಲೇ ಕರೆಯುವುದು. ಇಬು ಅಂದರೆ ಅಮ್ಮ. ಅವರು ನನ್ನನ್ನು ಮಾಸ್ ಅಂತಾರೆ, ಅಣ್ಣ ಅನ್ನೋ ಹಾಗೆ. ಹೊಸಿಲು ದಾಟುವ ಮೊದಲೇ 'ಊಟ ಆಯ್ತಾ ಮಾಸ್?' ಅಂತ ಕೇಳುತ್ತಾರೆ. ಅಲ್ಲಿ ಹಳ್ಳಿಗೆ 'ದೇಸಾ' ಅಂತ ಹೇಳುತ್ತಾರೆ. ನಮ್ಮ ದೇಶ ಅನ್ನೋ ಪದವೇ ಅದು. ಮೊದಲ ಸಲ ಕೇಳಿದಾಗ ಖುಷಿಯಾಗಿತ್ತು, ಊರೇ ದೇಶ ಅಂತ.

ಇಂಡೋನೇಷ್ಯಾದ ಹಳ್ಳಿ ಅಂದ ತಕ್ಷಣ ನಮ್ಮವರಿಗೆ ಬಾಲಿಯ ಫೋಟೋ ಕಣ್ಣ ಮುಂದೆ ಬರುತ್ತದೆ. ಮೆಟ್ಟಿಲು ಮೆಟ್ಟಿಲಾದ ಗದ್ದೆ, ತೆಂಗು, ಎಲ್ಲೆಲ್ಲೂ ನೀರು. ಗುನುಂಗ್‌ಕಿದುಲ್ ಹಾಗಿಲ್ಲ. ಹೆಸರಿನ ಅರ್ಥ ದಕ್ಷಿಣದ ಬೆಟ್ಟ ಅಂತ. ಎತ್ತ ನೋಡಿದರೂ ಸುಣ್ಣಕಲ್ಲಿನ ಗುಡ್ಡ, ಅದರ ಮೇಲೆ ತೆಳ್ಳಗೆ ಕೆಂಪು ಮಣ್ಣು. ಮಳೆ ಚೆನ್ನಾಗಿಯೇ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಬಿದ್ದ ನೀರೆಲ್ಲ ಕಲ್ಲಿನ ಬಿರುಕಿನಲ್ಲಿ ಇಳಿದು ನೆಲದೊಳಗಿನ ಹೊಳೆ ಸೇರಿಬಿಡುತ್ತದೆ. ಕಾಲ ಕೆಳಗೆ ಹೊಳೆ ಹರಿಯುತ್ತಿರುತ್ತದೆ, ಮನೆಯಲ್ಲಿ ಕುಡಿಯಲು ನೀರಿಲ್ಲ.

ಅದಕ್ಕೇ ಪ್ರತಿ ಮನೆಯ ಪಕ್ಕ ಒಂದು ಸಿಮೆಂಟ್ ತೊಟ್ಟಿ ಇರುತ್ತದೆ. ಹೆಂಚಿನ ಮೇಲೆ ಬಿದ್ದ ಮಳೆ ದೋಣಿಯಲ್ಲಿ ಹರಿದು ತೊಟ್ಟಿಗೆ ಬೀಳುತ್ತದೆ. ಆಗಸ್ಟ್ ಹೊತ್ತಿಗೆ ತೊಟ್ಟಿಯ ತಳ ಕಾಣುತ್ತದೆ, ಊರ ಕೆರೆಯೂ ಬಿರುಕು ಬಿಟ್ಟಿರುತ್ತದೆ. ಆಮೇಲೆ ಟ್ಯಾಂಕರ್. ಇಬು ಕೊಟ್ಟಿದ್ದು ಒಂದು ಟ್ಯಾಂಕರಿಗೆ ಒಂದೂವರೆ ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ. ನವೆಂಬರ್‌ವರೆಗೆ ಹಾಗೇ ತಳ್ಳಬೇಕು. ಆ ವರ್ಷ ಒಂದು ಮೇಕೆ ಮಾರಿದ ದುಡ್ಡು ನೀರಿಗೇ ಹೋಯಿತು. ಜರ್ಮನಿಯ ಎಂಜಿನಿಯರುಗಳ ಜೊತೆ ಸೇರಿ ಬ್ರಿಬಿನ್ ಅನ್ನೋ ಕಡೆ ಸುಮಾರು ನೂರು ಮೀಟರ್ ಆಳದ ಗುಹೆಯಲ್ಲಿ ನೆಲದೊಳಗಿನ ಹೊಳೆಗೇ ಒಡ್ಡು ಕಟ್ಟಿ, ಆ ನೀರಿನ ಬಲದಿಂದಲೇ ನೀರನ್ನು ಮೇಲೆತ್ತುವ ವ್ಯವಸ್ಥೆ ಮಾಡಿದ್ದಾರೆ. ದೊಡ್ಡ ಕೆಲಸ ಅದು. ಆದರೆ ಪೈಪು ಎಲ್ಲ ಗುಡ್ಡವನ್ನೂ ಹತ್ತಿಲ್ಲ.

ಇಂಥ ನೆಲದಲ್ಲಿ ಏನು ಬೆಳೆಯಬಹುದು? ಮಳೆಗಾಲದಲ್ಲಿ ಒಂದು ಬೆಳೆ ಭತ್ತ, ಅದೂ ಗದ್ದೆಯಲ್ಲಲ್ಲ, ಹೊಲದಲ್ಲಿ. ಅಕ್ಟೋಬರ್‌ನಲ್ಲಿ ಮಳೆಗೆ ಕಾಯದೆ ಧೂಳಿನಲ್ಲೇ ಬೀಜ ಹಾಕುತ್ತಾರೆ. ಮೊದಲ ಮಳೆಯ ಒಂದು ದಿನವನ್ನೂ ಕಳೆದುಕೊಳ್ಳಬಾರದು ಅಂತ. ಜೊತೆಗೆ ಮೆಕ್ಕೆಜೋಳ, ಕಡಲೆಕಾಯಿ, ಸಾಲಿನ ನಡುವೆ ಮರಗೆಣಸು. ಆಗಸ್ಟ್‌ನಲ್ಲಿ ಹೋದರೆ ರಸ್ತೆ ಬದಿ, ಅಂಗಳ, ಪಾಗಾರದ ಮೇಲೆ, ಎಲ್ಲಿ ನೋಡಿದರೂ ಸಿಪ್ಪೆ ತೆಗೆದ ಮರಗೆಣಸು ಬೆಳ್ಳಗೆ ಒಣಗುತ್ತಿರುತ್ತದೆ. ಅದನ್ನು ಕುಟ್ಟಿ, ಜರಡಿ ಹಿಡಿದು, ನೀರು ಚಿಮುಕಿಸಿ ಹಬೆಯಲ್ಲಿ ಬೇಯಿಸಿದರೆ ತಿವುಲ್. ಇಬು ಚಿಕ್ಕವರಿದ್ದಾಗ ಅಕ್ಕಿ ಅನ್ನ ಹಬ್ಬಕ್ಕೆ ಮಾತ್ರವಂತೆ, ಉಳಿದ ದಿನ ಇದೇ. ಆಗ ತಿವುಲ್ ತಿನ್ನುವವರು ಅಂದರೆ ಬಡವರು ಅಂತ ಲೆಕ್ಕ. ಈಗ ಅದೇ ತಿವುಲ್ ಪೊಟ್ಟಣದಲ್ಲಿ ಕೂತು ಪ್ರವಾಸಿಗರ ಕೈ ಸೇರುತ್ತಿದೆ. ನಮ್ಮ ರಾಗಿಗೂ ಹೀಗೇ ಆಯ್ತಲ್ವಾ. ನನಗೆ ಬೆಳಗ್ಗೆ ತುರಿದ ತೆಂಗಿನಕಾಯಿ, ಬೆಲ್ಲದ ಜೊತೆ ಬಿಸಿ ತಿವುಲ್ ಕೊಟ್ಟರೆ ಬೇರೆ ತಿಂಡಿ ಬೇಡ.

ಈಗ ತೇಗದ ವಿಷಯಕ್ಕೆ ಬರ್ತೀನಿ. 1960ರ ದಶಕದಲ್ಲಿ ಈ ಗುಡ್ಡಗಳು ಬೋಳಾಗಿದ್ದವು. ಗಜಾ ಮಾದಾ ವಿಶ್ವವಿದ್ಯಾಲಯದವರು ವಾನಗಾಮಾ ಅನ್ನೋ ಕಡೆ ಬರಡು ಕಲ್ಲುನೆಲದಲ್ಲಿ ಗಿಡ ನೆಟ್ಟು ಕಾಡು ಬೆಳೆಸಿ ತೋರಿಸಿದರು. ಜನರೂ ತಮ್ಮ ಹೊಲದ ಬದುವಿನಲ್ಲಿ, ಹಿತ್ತಲಲ್ಲಿ, ಕಲ್ಲಿನ ಸಂದಿಯಲ್ಲಿ ತೇಗ ನೆಡುತ್ತಾ ಬಂದರು. ಇವತ್ತು ಜಿಲ್ಲೆಯ ಹಸಿರಿನಲ್ಲಿ ದೊಡ್ಡ ಪಾಲು ಹೀಗೆ ರೈತರ ಸ್ವಂತ ಜಾಗದಲ್ಲಿ ಬೆಳೆದದ್ದು. ಆ ಮರಕ್ಕೆ ಅವರು ಇಟ್ಟುಕೊಂಡಿರುವ ನಿಯಮ 'ತೆಬಾಂಗ್ ಬುತು'. ಅಂದರೆ ಬೇಕಾದಾಗ ಕಡಿ. ಮದುವೆ, ಆಸ್ಪತ್ರೆ, ಶಾಲೆ ಫೀಸು ಬಂದಾಗ ಎಷ್ಟು ಬೇಕೋ ಅಷ್ಟೇ ಮರ. ಬೆಲೆ ಚೆನ್ನಾಗಿದೆ ಅಂತ ಯಾರೂ ತೋಪು ಪೂರ್ತಿ ಮಾರುವುದಿಲ್ಲ. ಬಲಿಯುವ ಮೊದಲೇ ಕಡಿಯುವುದರಿಂದ ಪೂರ್ತಿ ಬೆಲೆ ಸಿಗುವುದಿಲ್ಲ ಅಂತ ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ರಾತ್ರೋರಾತ್ರಿ ಕಷ್ಟ ಬಂದ ಮನೆಗೆ ಸಾಲ ಕೊಡುವವನ ಬಾಗಿಲಿಗೆ ಹೋಗದೆ ನಿಲ್ಲುವ ದಾರಿ ಅದೊಂದೇ.

ಅವತ್ತು ಕಡಿದದ್ದು ಚಿಕ್ಕ ಮಗನಿಗೋಸ್ಕರ. ಅವನು ಪಕ್ಕದ ಊರಿನ ವೃತ್ತಿ ಶಾಲೆಯಲ್ಲಿ ಮೆಷಿನ್ ಕೆಲಸ ಕಲಿತು ಮುಗಿಸಿದ್ದ. ಜಕಾರ್ತಾದ ಪೂರ್ವಕ್ಕಿರುವ ಕರವಾಂಗ್‌ನ ಒಂದು ಕಾರ್ಖಾನೆಯಿಂದ ಕರೆ ಬಂದಿತ್ತು. ಬಸ್ ಚಾರ್ಜು, ರೂಮಿನ ಬಾಡಿಗೆ, ಮೊದಲ ಸಂಬಳದವರೆಗಿನ ಊಟ, ಎಲ್ಲ ಸೇರಿ ದುಡ್ಡು ಬೇಕಿತ್ತು. ವ್ಯಾಪಾರಿ ಎರಡು ಮರಕ್ಕೆ 70 ಲಕ್ಷ ರುಪಿಯಾ ಕೊಟ್ಟ, ಸುಮಾರು 37 ಸಾವಿರ ರೂಪಾಯಿ. ಬೇಸಿಗೆಯಾದ್ದರಿಂದ ಮರದಲ್ಲಿ ಒಂದೆಲೆಯೂ ಇರಲಿಲ್ಲ. ದನದ ಕೊಟ್ಟಿಗೆ ಮೇಲೆ ಬೀಳದ ಹಾಗೆ ತುದಿಗೆ ಹಗ್ಗ ಕಟ್ಟಿ ಆರು ಜನ ಎಳೆದು ಹಿಡಿದರು. ಗರಗಸದ ಮೆಷಿನ್ ಶುರುವಾದಾಗ ಇಬು ಒಳಗೆ ಹೋದರು. ಶಬ್ದ ನಿಂತ ಮೇಲೆ ಹೊರಗೆ ಬಂದು ಬುಡದ ಹತ್ತಿರ ಕೂತರು. ಮರದ ಹೊಟ್ಟನ್ನು ಕೈಯಲ್ಲಿ ಸವರಿ, ಕೊಯ್ದ ಜಾಗದ ಮೇಲೆ ಅಂಗೈ ಇಟ್ಟರು. 'ದೊಡ್ಡವನು ಹುಟ್ಟಿದ ವರ್ಷ ನೆಟ್ಟಿದ್ದು ಮಾಸ್. ಚಿಕ್ಕವನಿಗೆ ಆಯ್ತು' ಅಂದರು. ಎದ್ದು ಹೋಗಿ ಹಗ್ಗ ಹಿಡಿದವರಿಗೆಲ್ಲ ಟೀ ತಂದರು.

ಹುಡುಗರು ಊರು ಬಿಟ್ಟರು, ಮೈ ಬಗ್ಗಿಸಿ ದುಡಿಯಲಾರರು ಅಂತ ಇಲ್ಲೂ ಹಿರಿಯರು ಹೇಳುತ್ತಾರೆ. ನನಗೆ ಆ ಮಾತು ಕೇಳಿದರೆ ಸಂಕಟವಾಗುತ್ತದೆ. 2025ರಲ್ಲಿ ಗುನುಂಗ್‌ಕಿದುಲ್ ಜಿಲ್ಲೆಯ ಕನಿಷ್ಠ ಕೂಲಿ ತಿಂಗಳಿಗೆ ಸುಮಾರು 23 ಲಕ್ಷ ರುಪಿಯಾ, ಅಂದರೆ 12 ಸಾವಿರ ರೂಪಾಯಿ ಚಿಲ್ಲರೆ. ಕರವಾಂಗ್‌ನಲ್ಲಿ ಸುಮಾರು 56 ಲಕ್ಷ, ಅಂದರೆ 30 ಸಾವಿರದ ಹತ್ತಿರ. ಅದೇ ದೇಶ, ಅದೇ ದ್ವೀಪ, ಒಂದು ರಾತ್ರಿಯ ಬಸ್ ಪ್ರಯಾಣ. ಇಪ್ಪತ್ತು ವರ್ಷದ ಹುಡುಗ ಇನ್ನೇನು ಮಾಡಬೇಕು? ಅರ್ಧ ಹೆಕ್ಟೇರಿಗಿಂತ ಕಡಿಮೆ ಭೂಮಿ ಇರುವ ರೈತರಿಗೆ ಇಲ್ಲಿ 'ಪೆತಾನಿ ಗುರೆಮ್' ಅಂತ ಹೆಸರಿದೆ. ಇಬು ಮನೆಯೂ ಅಂಥದ್ದೇ. ಅದನ್ನೇ ಇಬ್ಬರು ಗಂಡುಮಕ್ಕಳಿಗೆ ಭಾಗ ಮಾಡಿದರೆ ಏನು ಉಳಿಯುತ್ತದೆ?

ಇಷ್ಟಾದರೂ ಊರು ಸತ್ತಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಸಣ್ಣ ಡಬ್ಬಿ ನೇತು ಹಾಕಿರುತ್ತಾರೆ. ರಾತ್ರಿ ಮಲಗುವ ಮುಂಚೆ ಅದರಲ್ಲಿ 500 ರುಪಿಯಾದ ಒಂದು ನಾಣ್ಯ ಹಾಕುತ್ತಾರೆ. ಹಿಂದೆ ನಾಣ್ಯವಲ್ಲ, ಚಿಟಿಕೆ ಅಕ್ಕಿ. ಅದಕ್ಕೇ ಅದರ ಹೆಸರು ಜಿಂಪಿತಾನ್, ಜಿಂಪಿತ್ ಅಂದರೆ ಚಿಟಿಕೆ. ರಾತ್ರಿ ಗಸ್ತು ತಿರುಗುವವರು ಡಬ್ಬಿಗಳನ್ನು ಖಾಲಿ ಮಾಡಿಕೊಂಡು ಹೋಗುತ್ತಾರೆ. ಒಂದು ಸಲ ನಾನೂ ಅವರ ಜೊತೆ ಹೋಗಿದ್ದೆ. ಕತ್ತಲಲ್ಲಿ ಟಾರ್ಚ್ ಹಿಡಿದು ಮನೆಯಿಂದ ಮನೆಗೆ, ಚೀಲದಲ್ಲಿ ನಾಣ್ಯದ ಸದ್ದು. ಒಂದು ಮನೆಯ ಡಬ್ಬಿ ಖಾಲಿ ಇದ್ದರೆ 'ಅಜ್ಜಿಗೆ ಹುಷಾರಿಲ್ಲವೇನೋ, ಬೆಳಗ್ಗೆ ನೋಡೋಣ' ಅಂತ ಮಾತಾಡಿಕೊಂಡರು. ದುಡ್ಡಿಗಿಂತ ಅದು ಜಾಸ್ತಿ. ಆ ದುಡ್ಡಲ್ಲಿ ಬೀದಿ ದೀಪ, ಸಾವಾದ ಮನೆಯ ಖರ್ಚು ನಡೆಯುತ್ತದೆ. ಮನೆ ಕಟ್ಟುವಾಗ ಅಕ್ಕಪಕ್ಕದವರು ಕೂಲಿ ಇಲ್ಲದೆ ಬಂದು ದುಡಿಯುತ್ತಾರೆ, ಅದು ಸಂಬಾತಾನ್. ನಮ್ಮ ಮುಯ್ಯಾಳಿನ ಹಾಗೆಯೇ. ಮರ ಕಡಿದ ದಿನ ಹಗ್ಗ ಹಿಡಿದ ಆರು ಜನ ಬಂದದ್ದೂ ಹೀಗೇ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಲಾರೆ. 2014ರಲ್ಲಿ ಹಳ್ಳಿಗಳ ಕಾನೂನು ಬಂತು, 2015ರಿಂದ 'ದಾನಾ ದೇಸಾ' ಅಂತ ಕೇಂದ್ರದ ಹಣ ಸೀದಾ ಹಳ್ಳಿಗಳ ಪಾಲಿಗೆ ಬರತೊಡಗಿತು. 2024ರಲ್ಲಿ ಅದು 71 ಲಕ್ಷ ಕೋಟಿ ರುಪಿಯಾ. ದೇಶದ ಸುಮಾರು 75 ಸಾವಿರ ಹಳ್ಳಿಗೆ ಹಂಚಿದರೆ ಸರಾಸರಿ ಒಂದಕ್ಕೆ ನಮ್ಮ 50 ಲಕ್ಷ ರೂಪಾಯಿಯ ಹತ್ತಿರ. ಎಷ್ಟು ಬಂತು, ಯಾವುದಕ್ಕೆ ಖರ್ಚಾಯಿತು ಅಂತ ಹಳ್ಳಿ ಕಚೇರಿ ಮುಂದೆ ದೊಡ್ಡ ಫ್ಲೆಕ್ಸ್ ಹಾಕಿರುತ್ತಾರೆ. ಮೊದಲ ಸಲ ನೋಡಿದಾಗ ಅಲ್ಲೇ ನಿಂತು ಪೂರ್ತಿ ಓದಿದ್ದೆ. ಇಬು ಮನೆಯವರೆಗೆ ಕಾಂಕ್ರೀಟ್ ದಾರಿ ಬಂದದ್ದು ಆ ದುಡ್ಡಿನಿಂದಲೇ, ಈಗ ಆಂಬುಲೆನ್ಸ್ ಬಾಗಿಲಿಗೆ ಬರುತ್ತದೆ. ಆದರೆ ಅದೇ ದಾರಿಯಲ್ಲಿ ಚಿಕ್ಕ ಮಗ ಚೀಲ ಹಿಡಿದು ಹೋದ. ಇನ್ನಾದರೂ ಆ ಹಣದ ದೊಡ್ಡ ಪಾಲು ನೀರಿಗೆ ಹೋಗಬೇಕು, ಮರಗೆಣಸು ಮತ್ತು ಮರಗೆಲಸಕ್ಕೆ ಊರಲ್ಲೇ ಬೆಲೆ ಬರುವ ಕೆಲಸಗಳಿಗೆ ಹೋಗಬೇಕು. ತೇಗ ದಿಮ್ಮಿಯಾಗಿ ಹೋಗಿ ಬೇರೆ ಜಿಲ್ಲೆಯಲ್ಲಿ ಕುರ್ಚಿಯಾಗುತ್ತದೆ. ಆ ಕುರ್ಚಿ ಇಲ್ಲೇ ಆಗಬಾರದೇ?

ಪ್ರವಾಸೋದ್ಯಮ ಇದೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇದೇ ಜಿಲ್ಲೆಯ ಉತ್ತರದಲ್ಲಿ ಎಂಗ್ಲಾಂಗ್ಗೆರಾನ್ ಅನ್ನೋ ಹಳ್ಳಿ ಇದೆ, ಹಳೆಯ ಜ್ವಾಲಾಮುಖಿ ಬಂಡೆಗಳ ಊರು. ಊರ ಹುಡುಗರೇ ಸೇರಿ ಅದನ್ನು ನಡೆಸಿದರು. ಜನ ವಿಪರೀತ ಬರತೊಡಗಿದಾಗ ಟಿಕೆಟ್ ದರ ಏರಿಸಿದರು. ಬರುವವರು ಕಡಿಮೆಯಾದರು, ಆದಾಯ ಕಡಿಮೆಯಾಗಲಿಲ್ಲ. 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಅದನ್ನು ಜಗತ್ತಿನ ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿತು. ನನಗೆ ಅವರ ಮೇಲೆ ತುಂಬಾ ಗೌರವ. ಆದರೆ ಎಲ್ಲ ಹಳ್ಳಿಗೂ ಜ್ವಾಲಾಮುಖಿ ಇರುವುದಿಲ್ಲ.

ನನಗೆ ಭಯ ಇರುವುದು ದಕ್ಷಿಣದ ಕಡಲ ದಂಡೆಯ ಬಗ್ಗೆ. ದೊಡ್ಡ ರಸ್ತೆ ಬಂದ ಮೇಲೆ ಹೊರಗಿನವರು ಜಾಗ ಕೇಳಿಕೊಂಡು ಬರುತ್ತಿದ್ದಾರೆ. ಈ ಗುಡ್ಡಸಾಲು, ಗುನುಂಗ್ ಸೆವು, 2015ರಿಂದ ಯುನೆಸ್ಕೋ ಜಿಯೋಪಾರ್ಕ್, ಅಂದರೆ ನೆಲದ ರಚನೆಗಾಗಿ ಕಾಪಾಡಬೇಕಾದ ಜಾಗ. ಸುಣ್ಣಕಲ್ಲಿನ ಗುಡ್ಡ ಸುಮ್ನೆ ಕಲ್ಲಲ್ಲ, ಮಳೆ ಹಿಡಿದಿಟ್ಟು ನೆಲದೊಳಗಿನ ಹೊಳೆಗೆ ಕೊಡುವ ತೊಟ್ಟಿ ಅದು. ಅದನ್ನು ಕಡಿದು ರೆಸಾರ್ಟ್ ಕಟ್ಟಿದರೆ ಕೆಳಗಿನ ಹೊಳೆಯ ಗತಿ ಏನು? 2024ರಲ್ಲಿ ಇಲ್ಲಿನ ಒಂದು ಬೀಚ್ ಕ್ಲಬ್ ಯೋಜನೆಗೆ ಜನ ದನಿ ಎತ್ತಿದರು. ಅದರಲ್ಲಿ ಸೇರಿದ್ದ ದೇಶದ ದೊಡ್ಡ ಟಿವಿ ತಾರೆಯೊಬ್ಬರು ಹಿಂದೆ ಸರಿದರು. ಅವತ್ತು ನಮ್ಮ ಕ್ಯಾಂಟೀನಿನಲ್ಲಿ ಅದೇ ಮಾತು.

ಇಬು ಹತ್ತಿರವೂ ಒಬ್ಬ ದಲ್ಲಾಳಿ ಎರಡು ಸಲ ಬಂದು ಹೋಗಿದ್ದಾನೆ. ಅವನು ಹೇಳಿದ ಬೆಲೆ ಕಡಿಮೆಯಲ್ಲ. ಕೊಟ್ಟರೆ ಮಕ್ಕಳು ಊರು ಬಿಟ್ಟದ್ದು ಬಿಟ್ಟಂತೆಯೇ. ಹುಡುಗರು ಹೊರಗೆ ಹೋಗಲಿ, ದುಡಿಯಲಿ. ಆದರೆ ನಲವತ್ತನೇ ವಯಸ್ಸಿಗೆ ಕಾರ್ಖಾನೆ ಬೇಡ ಅಂದಾಗ ಬಂದು ನಿಲ್ಲಲು ಮನೆ, ತೊಟ್ಟಿಯಲ್ಲಿ ನೀರು, ಹಿತ್ತಲಲ್ಲಿ ಮರ, ಬಾಗಿಲಲ್ಲಿ ಆ ಡಬ್ಬಿ ಇರಬೇಕು. ಎಷ್ಟು ಜನ ಊರು ಬಿಟ್ಟರು ಅಂತ ಎಲ್ಲರೂ ಎಣಿಸುತ್ತಾರೆ. ಬಿಟ್ಟವರು ವಾಪಸ್ ಬರಬಹುದಾ ಅಂತ ಕೇಳುವವರು ಕಮ್ಮಿ. ನಾನು ಕೇಳುತ್ತಿರುವುದು ಅದನ್ನೇ. ಸುಗ್ಗಿ ಮುಗಿದ ಮೇಲೆ ನಡೆಯುವ ರಸೂಲಾನ್ ಹಬ್ಬಕ್ಕೆ ಜಕಾರ್ತಾದಲ್ಲಿ ಮೀ ಬಾಸೊ (ಮಾಂಸದುಂಡೆ ಹಾಕಿದ ನೂಡಲ್ಸ್) ಮಾರುವವರೂ ಗಾಡಿ ನಿಲ್ಲಿಸಿ ಬರುತ್ತಾರೆ. ಬರಲು ಆಗದವರು ದುಡ್ಡು ಕಳಿಸುತ್ತಾರೆ. ಊರು ಬೇಡ ಅಂದವರು ಹೀಗೆ ಮಾಡುವುದಿಲ್ಲ.

ಮೊನ್ನೆ ಮತ್ತೆ ಹೋಗಿದ್ದೆ. ಮಳೆ ಹಿಡಿದಿತ್ತು, ತೊಟ್ಟಿ ತುಂಬಿ ಅಂಚಿನಿಂದ ಹರಿಯುತ್ತಿತ್ತು. ಇಬು ಹಿತ್ತಲಿಗೆ ಕರೆದುಕೊಂಡು ಹೋದರು. ಕಡಿದ ಬುಡದ ಸುತ್ತ ಏಳೆಂಟು ಚಿಗುರು ಬಂದಿದ್ದವು, ಒಂದೊಂದು ಎಲೆ ಊಟದ ತಟ್ಟೆಯಷ್ಟು ಅಗಲ. ಅಷ್ಟು ಹೊತ್ತಿಗೆ ಚಿಕ್ಕ ಮಗನ ವಿಡಿಯೋ ಕಾಲ್ ಬಂತು. ರಾತ್ರಿ ಪಾಳಿ ಮುಗಿಸಿ ರೂಮಿಗೆ ಬಂದಿದ್ದ. ಇಬು ಫೋನನ್ನು ನನ್ನ ಕೈಗೆ ಕೊಟ್ಟು, ಬುಡದ ಕಡೆ ತಿರುಗಿಸಿ ಹಿಡಿ ಅಂದರು. ಬಗ್ಗಿ ಒಂದೊಂದಾಗಿ ಚಿಗುರು ಮುರಿದರು. ಕೊನೆಗೆ ಎರಡು ಉಳಿದವು. ಎರಡನ್ನೂ ಬೆರಳಲ್ಲಿ ಹಿಡಿದು ನೋಡಿದರು. 'ಎಡಗಡೆದು ಬಿಡು ಅಮ್ಮಾ, ಅದು ನೆಟ್ಟಗಿದೆ' ಅಂತ ಫೋನಿನಿಂದ ಅವನು ಹೇಳಿದ. ಇಬು ಬಲಗಡೆಯದನ್ನು ಮುರಿದರು.