ಪ್ರಿಂಟರಿನ ಮುಂದೆ ನಾನು ಯಾರು?

ಕಂಪ್ಯೂಟರ್ ನನ್ನದು, ಪ್ರಿಂಟರ್ ನನ್ನದು, ಕಾಗದ, ಶಾಯಿ, ಕರೆಂಟ್ ಬಿಲ್ಲು ಎಲ್ಲವೂ ನನ್ನವೇ. ಆದರೂ ಒಂದು ಪುಟ ಪ್ರಿಂಟ್ ಮಾಡಲು ಹೋದರೆ ಪರದೆಯ ಮೇಲೆ ‘ಫರ್ಬಿಡನ್’, ಅಂದರೆ ನಿಷಿದ್ಧ, ಎಂದು ಬರುತ್ತದೆ. ನನ್ನ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ದುಡ್ಡು ಕೊಟ್ಟವನಿಗೆ ಕಿಮ್ಮತ್ತಿಲ್ಲ. ನೀನು ಯಾವ ಗುಂಪಿನವನು ಅನ್ನುವುದಷ್ಟೇ ಅಲ್ಲಿ ಲೆಕ್ಕ.

ಆದದ್ದು ಸಣ್ಣ ವಿಷಯ. ಪ್ರಿಂಟ್ ನಡೆಯುತ್ತಿರುವಾಗ ಯಾರದೋ ಕಾಲು ತಾಗಿ ಯುಎಸ್‌ಬಿ ಕೇಬಲ್ ಕಳಚಿತು. ಮತ್ತೆ ಸಿಕ್ಕಿಸಿದೆವು. ಕೇಬಲ್ ಮರೆತರೂ ಕಪ್ಸ್ ಮರೆಯಲಿಲ್ಲ. ಲಿನಕ್ಸಿನಲ್ಲಿ ಮುದ್ರಣದ ಯಜಮಾನಿಕೆಯೆಲ್ಲ ಈ ಕಪ್ಸ್ ಎಂಬ ತಂತ್ರಾಂಶದ್ದು. 1999ರಲ್ಲಿ ಬಂದ ಇದನ್ನು ಆಪಲ್ ಕೂಡ ತನ್ನ ಮ್ಯಾಕ್‌ಗಳಿಗೆ ತೆಗೆದುಕೊಂಡಿತು, ಹಾಗಾಗಿ ಅದರ ಗತ್ತಿಗೆ ಕಾರಣವಿದೆ. ಒಮ್ಮೆ ಎಡವಟ್ಟಾದರೆ ಅದು ಪ್ರಿಂಟರನ್ನು ‘ಪಾಜ್ಡ್’, ಅಂದರೆ ತಡೆದು ನಿಲ್ಲಿಸಿದ, ಸ್ಥಿತಿಗೆ ತಳ್ಳಿ ಮುನಿದ ಅಳಿಯನ ಹಾಗೆ ಸುಮ್ಮನೆ ಕೂರುತ್ತದೆ. ಹೊಸ ಕೆಲಸ ಕೊಟ್ಟರೆ ಮಾತ್ರ ಬೇಡ ಅನ್ನುವುದಿಲ್ಲ. ಎಲ್ಲವನ್ನೂ ಮರ್ಯಾದೆಯಿಂದ ಇಸಿದುಕೊಂಡು ಸಾಲಿನಲ್ಲಿಡುತ್ತದೆ. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮುನಿಸು ಬಿಡಿಸಲು ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ 631 ಎಂಬ ವಿಳಾಸಕ್ಕೆ ಹೋಗಿ ‘ರೆಸ್ಯೂಮ್’ ಒತ್ತಬೇಕು. ಒತ್ತಿದೆ. ಹೆಸರು, ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಫರ್ಬಿಡನ್. ಪಾಸ್‌ವರ್ಡ್ ತಪ್ಪು ಅಂದಿದ್ದರೆ ಸಮಾಧಾನವಿತ್ತು. ಇದರ ಅರ್ಥ ಬೇರೆ: ‘ನೀನು ಯಾರೆಂದು ಚೆನ್ನಾಗಿ ಗೊತ್ತು, ಅದಕ್ಕೇ ಬೇಡ.’ ಹಾಗಾದರೆ ಎಲ್ಲ ಅಧಿಕಾರವೂ ಇರುವ ಸಾಕ್ಷಾತ್ ರೂಟ್ ಖಾತೆಯ ಹೆಸರಿನಲ್ಲೇ ಹೋಗೋಣವೆಂದರೆ, ನನ್ನಲ್ಲಿರುವ ಉಬುಂಟು ಎಂಬ ಬಗೆಯ ಲಿನಕ್ಸಿನಲ್ಲಿ ರೂಟ್‌ಗೆ ಪಾಸ್‌ವರ್ಡೇ ಇಟ್ಟಿರುವುದಿಲ್ಲ. ಸರ್ವಾಧಿಕಾರಿ ಇದ್ದಾನೆ, ಬಾಗಿಲಿಗೆ ಬರುವುದಿಲ್ಲ.

ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ತೆರೆದು, ರೂಟ್‌ನ ಅಧಿಕಾರವನ್ನು ಎರವಲು ಕೊಡುವ ಸುಡೋ ಆಜ್ಞೆ ಹಾಕಿದೆ. ‘ಈ ಬಳಕೆದಾರನ ಹೆಸರು ಸುಡೋಯರ್ಸ್ ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು’ ಎಂಬರ್ಥದ ಇಂಗ್ಲಿಷ್ ವಾಕ್ಯ ಬಂತು. ನನ್ನ ಮನೆಯಲ್ಲಿ, ನನ್ನ ಮೇಲೆ, ಯಾರಿಗೆ ವರದಿ? ಅದೇ ಬಾಗಿಲಿಗೆ ಬಾರದ ರೂಟ್‌ಗಂತೆ!

ಲಿನಕ್ಸ್ ಹಾಕಿಕೊಟ್ಟವನು ಅಕ್ಕನ ಮಗ. ಆಡಳಿತವನ್ನೆಲ್ಲ ತನ್ನ ಹೆಸರಿನಲ್ಲಿಟ್ಟುಕೊಂಡು ನನ್ನನ್ನು ಸಾಮಾನ್ಯ ಪ್ರಜೆಯಾಗಿಸಿ ಹೋಗಿದ್ದ. ಫೋನ್ ಮಾಡಿದರೆ, “ಸೇಫ್ಟಿಗೆ ಅಂತ ಹಾಗೆ ಮಾಡಿದ್ದೆ, ಮಾವ” ಅಂದ. ಯಾರಿಂದ ಸೇಫ್ಟಿ ಎಂದು ನಾನು ಕೇಳಲಿಲ್ಲ. ತನ್ನ ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಹೇಳಿ, “ಮೀಟಿಂಗ್ ಇದೆ, ಆಮೇಲೆ ಮಾತಾಡ್ತೀನಿ” ಎಂದು ಇಟ್ಟುಬಿಟ್ಟ.

ಆ ಪಾಸ್‌ವರ್ಡ್ ಕೊಟ್ಟು ರೆಸ್ಯೂಮ್ ಒತ್ತಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ನನ್ನ ಸ್ನೇಹಿತ ಬಂದಿದ್ದ. ಒಂದು ಗುಂಡಿಯಲ್ಲಿ ಮುಗಿಯುವ ಕೆಲಸ ಅವನ ಮೈಗೆ ಒಗ್ಗದು. “ಪರ್ಮಿಷನ್ ತೊಂದರೆ ಅಂದ್ರೆ ಪರ್ಮಿಷನ್ ಕೊಟ್ರಾಯ್ತಪ್ಪಾ” ಎಂದವನೇ ಕಪ್ಸ್‌ನ ಕಡತಗಳಿದ್ದ ಇಡೀ ಫೋಲ್ಡರಿಗೆ ಸಿಎಚ್‌ಮಾಡ್ 777 ಎಂಬ ಆಜ್ಞೆ ಬಡಿದ. ಅಂದರೆ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಓಡಿಸಬಹುದು. ನಂತರ ಅದೇ ಪ್ರಿಂಟರನ್ನು ಇನ್ನೊಂದು ಹೆಸರಿನಲ್ಲಿ ಸೇರಿಸಿ ಟೆಸ್ಟ್ ಪೇಜ್ ಕಳಿಸಿದ. ಅದೂ ಬರಲಿಲ್ಲ. ಲಾಗ್ ಕಡತ ತೆರೆದರೆ ‘ಇನ್‌ಸೆಕ್ಯೂರ್ ಪರ್ಮಿಷನ್ಸ್’ ಎಂಬ ದೂರು! ಮುದ್ರಣಕ್ಕೆ ಪುಟವನ್ನು ಹದಮಾಡುವ ಫಿಲ್ಟರ್‌ಗಳು ರೂಟ್‌ನ ಸ್ವತ್ತಾಗಿರಬೇಕು, ಅವನ್ನು ಬೇರೆ ಯಾರೂ ತಿದ್ದುವಂತಿರಬಾರದು. ಇಲ್ಲದಿದ್ದರೆ ಕಪ್ಸ್ ಅವನ್ನು ಮುಟ್ಟುವುದಿಲ್ಲ. ಕಡಿಮೆ ಅನುಮತಿಗೆ ಒಂದು ಬೈಗುಳ, ಹೆಚ್ಚು ಅನುಮತಿಗೆ ಇನ್ನೊಂದು. ಸ್ನೇಹಿತನಿಗೆ ತಟ್ಟನೆ ಮನೆಯ ಕೆಲಸ ನೆನಪಾಯಿತು.

ಇಲ್ಲೊಂದು ತಮಾಷೆ ಇದೆ. ತಂತ್ರಾಂಶ ಎಲ್ಲರಿಗೂ ಮುಕ್ತವಾಗಿರಬೇಕೆನ್ನುವ, ಲಿನಕ್ಸ್‌ನ ಬೆನ್ನಿಗಿರುವ ಸ್ವತಂತ್ರ ತಂತ್ರಾಂಶದ ಚಳವಳಿಗೆ ಕಿಡಿ ಹೊತ್ತಿಸಿದ್ದರಲ್ಲಿ ಪ್ರಿಂಟರಿನದೂ ಪಾಲಿದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಆ ಚಳವಳಿಯ ಹರಿಕಾರ ರಿಚರ್ಡ್ ಸ್ಟಾಲ್‌ಮನ್, ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ತಿಳಿಯುವಂತೆ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿದ್ದರು. ಹೊಸ ಲೇಸರ್ ಪ್ರಿಂಟರಿಗೂ ಹಾಗೇ ಮಾಡಲು ಹೊರಟರೆ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕೊಡಲಿಲ್ಲ. ಆ ಸಿಟ್ಟು ಬೆಳೆದು 1983ರಲ್ಲಿ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯೊಂದನ್ನು ಕಟ್ಟುವ ಗ್ನೂ ಯೋಜನೆಯ ಘೋಷಣೆಯವರೆಗೆ ಹೋಯಿತು. ಈಗ ಮೂಲ ಸಂಕೇತದ ಪ್ರತಿ ಸಾಲೂ ನನಗೆ ಮುಕ್ತ. ರೆಸ್ಯೂಮ್ ಗುಂಡಿಯೊಂದು ಬಿಟ್ಟು.

ಮೀಟಿಂಗ್ ಮುಗಿಸಿದ ಅಳಿಯ ಮತ್ತೆ ಫೋನಿಗೆ ಬಂದ. 777 ಅಂದೊಡನೆ ಆ ಕಡೆ ಸ್ವಲ್ಪ ಹೊತ್ತು ಉಸಿರೇ ಇಲ್ಲ. ಮೊದಲು ಕಪ್ಸ್ ಪ್ಯಾಕೇಜುಗಳನ್ನು ಮರುಸ್ಥಾಪಿಸಿ ಅನುಮತಿಗಳನ್ನು ಸರಿಮಾಡಿಸಿದ. ಆಮೇಲೆ ನನ್ನನ್ನು ಪ್ರಿಂಟರ್ ನಿರ್ವಹಿಸುವ ಅಧಿಕಾರವಿರುವ ‘ಎಲ್‌ಪಿಅಡ್ಮಿನ್’ ಗುಂಪಿಗೆ ಸೇರಿಸುವ ಶುಭಕಾರ್ಯ. ಯೂಸರ್‌ಮಾಡ್ ಆಜ್ಞೆಯಲ್ಲಿ ದೊಡ್ಡ ಜಿ ಜೊತೆಗೆ ಸಣ್ಣ ಎ ಇರಲೇಬೇಕು ಎಂದು ಒತ್ತಿ ಒತ್ತಿ ಹೇಳಿದ. ಆ ಎ ಬಿಟ್ಟುಹೋದರೆ ಹೊಸ ಗುಂಪಿಗೆ ಸೇರಿಸಿ ಉಳಿದೆಲ್ಲ ಹೆಚ್ಚುವರಿ ಗುಂಪುಗಳಿಂದ ಹೊರಗೆ ಹಾಕುತ್ತದಂತೆ. “ಆಡಳಿತದ ಗುಂಪಿನಲ್ಲಿರೋರು ಹೀಗೆ ಎಷ್ಟೋ ಜನ ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕ್ಕೊಂಡಿದಾರೆ, ಮಾವ. ನಿಮಗೆ ಆ ಭಯ ಇಲ್ಲ, ಕಳ್ಕೊಳ್ಳೋಕೆ ಏನೂ ಇಲ್ವಲ್ಲ” ಅಂದ. ಗೌರವದಿಂದಲೇ ಅಂದ.

ನನ್ನದೇ ಹೆಸರು, ನನ್ನದೇ ಪಾಸ್‌ವರ್ಡ್ ಕೊಟ್ಟು ರೆಸ್ಯೂಮ್ ಒತ್ತಿದೆ. ಪ್ರಿಂಟರ್ ಗುರುಗುಟ್ಟಿ ಎದ್ದಿತು. ಪತ್ರದ ಎರಡು ಪುಟ ಬಂತು. ಮತ್ತೆ ಅದೇ ಪತ್ರ ಬಂತು. ಮತ್ತೂ ಬಂತು. ಅಡುಗೆಮನೆಯಿಂದ ಹೆಂಡತಿ, “ರೀ, ಬಂತಾ? ನೀವು ಫೋನಲ್ಲಿದ್ದಾಗೆಲ್ಲ ನಾನೂ ಪ್ರಿಂಟ್ ಒತ್ತಿ ನೋಡ್ತಾನೇ ಇದ್ದೆ” ಎಂದಳು. ಬಂದ ಎಲ್ಲವನ್ನೂ ಕಪ್ಸ್ ಸಾಲಿನಲ್ಲಿಟ್ಟಿತ್ತು, ಒಂದನ್ನೂ ಮರೆತಿರಲಿಲ್ಲ. ರದ್ದು ಮಾಡುವ ಗುಂಡಿ ಹುಡುಕುವಷ್ಟರಲ್ಲಿ ಪ್ರಿಂಟರ್ ತಾನಾಗಿಯೇ ನಿಂತಿತು. ಕಾಗದ ಮುಗಿದಿದೆ ಎಂದಿತು. ಅದನ್ನು ತುಂಬಲು ಯಾವ ಗುಂಪಿಗೂ ಸೇರಬೇಕಾಗಿಲ್ಲ ನೋಡಿ, ಆದರೆ ಮನೆಯಲ್ಲಿ ಇನ್ನೊಂದು ಹಾಳೆಯೂ ಇರಲಿಲ್ಲ.