ಇಲಿ ಪಕ್ಷ, ಕೀಲಿ ಪಕ್ಷ

ನಮ್ಮ ಕಚೇರಿಯಲ್ಲಿ ಎರಡು ಪಕ್ಷಗಳಿವೆ. ಚುನಾವಣೆಗೂ ಅವಕ್ಕೂ ಸಂಬಂಧವಿಲ್ಲ, ಜಾತಿಗೂ ಇಲ್ಲ, ಯಾರ ಡಬ್ಬಿಯಲ್ಲಿ ಏನು ಊಟವಿದೆ ಎಂಬುದಕ್ಕೂ ಇಲ್ಲ. ಕಂಪ್ಯೂಟರಿನಲ್ಲಿ ಕ್ಯಾಲ್ಕ್ಯುಲೇಟರನ್ನು ತೆರೆಯುವುದು ಮೌಸೆಂಬ ಇಲಿಯಿಂದಲೋ ಕೀಬೋರ್ಡಿನ ಕೀಲಿಗಳಿಂದಲೋ ಎಂಬ ಒಂದೇ ಒಂದು ಪ್ರಶ್ನೆಯ ಮೇಲೆ ಅವು ಹುಟ್ಟಿಕೊಂಡಿವೆ.

ಇಲಿ ಪಕ್ಷದ ನಾಯಕರು ಲೆಕ್ಕಪತ್ರ ವಿಭಾಗದ ಹಿರಿಯರು, ನಿವೃತ್ತಿಗೆ ಇನ್ನು ಮೂರು ವರ್ಷ. ನಿಜವಾದ ಹೆಸರು ಬೇಡ, ಮೂಷಿಕರಾಯರು ಎನ್ನೋಣ. 1995ರಲ್ಲಿ ವಿಂಡೋಸ್ 95 ಬಂದು ಪರದೆಯ ಎಡಗಡೆ ಕೆಳಮೂಲೆಯಲ್ಲಿ ‘ಸ್ಟಾರ್ಟ್’ ಎಂಬ ಗುಂಡಿ ಮೂಡಿತಲ್ಲ, ಅಂದಿನಿಂದ ರಾಯರ ಸಕಲ ಕಾರ್ಯಗಳಿಗೂ ಅದೇ ಗಣೇಶನ ಗುಡಿ. ಸ್ಟಾರ್ಟ್, ಅಲ್ಲಿಂದ ಪ್ರೋಗ್ರಾಮ್ಸ್, ಅಲ್ಲಿಂದ ಆಕ್ಸೆಸರೀಸ್, ಅಲ್ಲಿಂದ ಕ್ಯಾಲ್ಕ್ಯುಲೇಟರ್. ಒಂದು ಪಟ್ಟಿಯ ಮಗ್ಗುಲಲ್ಲಿ ಇನ್ನೊಂದು ಬಿಚ್ಚಿಕೊಳ್ಳುತ್ತಿತ್ತು. ಕೈ ಎಳ್ಳಷ್ಟು ಓರೆಯಾದರೂ ಸಾಕು, ಬೇಕಾದ ಪಟ್ಟಿ ಮುಚ್ಚಿಕೊಂಡು ಬೇಡವಾದದ್ದು ತೆರೆದುಕೊಳ್ಳುತ್ತಿತ್ತು. ರಾಯರು ಬೇಸರಪಟ್ಟುಕೊಂಡವರಲ್ಲ. ಇಂತಿಷ್ಟನೇ ಹಂತ, ಇಂತಿಷ್ಟನೇ ಬ್ಲಾಕ್, ಇಂತಿಷ್ಟನೇ ಮೇನ್, ಇಂತಿಷ್ಟನೇ ಕ್ರಾಸ್ ಎಂದು ನಾಲ್ಕು ಮೆಟ್ಟಿಲು ಇಳಿದ ಮೇಲಷ್ಟೇ ಮನೆ ಸಿಗುವ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಮೆನುವಿನೊಳಗೊಂದು ಮೆನು ಎಂದರೆ ತವರೂರಿನ ವಿಳಾಸವಿದ್ದಂತೆ.

ಕೀಲಿ ಪಕ್ಷದ ನಾಯಕ ಇಪ್ಪತ್ತಾರು ವರ್ಷದ ಹುಡುಗ, ಕೀಲಿಕುಮಾರ. ಎಸ್.ಪಿ. ರಸ್ತೆಯ ಅಂಗಡಿ ಅಂಗಡಿ ಅಲೆದು ತಂದ ಅವನ ಕೀಬೋರ್ಡು ಹಳೆಯ ತಾಲ್ಲೂಕು ಕಚೇರಿಯ ಟೈಪ್‌ರೈಟರಿನ ಹಾಗೆ ಸದ್ದು ಮಾಡುತ್ತದೆ. ಮೌಸನ್ನು ಮುಟ್ಟುವುದಿಲ್ಲ ಎಂದು ಅವನು ವ್ರತ ಹಿಡಿದಿದ್ದಾನೆ. ಸೂತಕದ ಪಾತ್ರೆಯಂತೆ ಅದನ್ನು ಮೇಜಿನ ಮೂಲೆಯಲ್ಲಿ ಬೋರಲು ಹಾಕಿ ಇಟ್ಟಿದ್ದಾನೆ. ವಿಂಡೋಸ್ ಕೀಲಿ ಒತ್ತುತ್ತಾನೆ, ಸಿ-ಎ-ಎಲ್-ಸಿ ಎಂದು ನಾಲ್ಕು ಅಕ್ಷರ ಕುಟ್ಟುತ್ತಾನೆ, ಎಂಟರ್. ಕ್ಯಾಲ್ಕ್ಯುಲೇಟರ್ ಪ್ರತ್ಯಕ್ಷ! “ಕೀಲಿಯಿಂದ ಕೈ ತೆಗೆದು ಮೌಸಿಗೆ ಹಾಕುವುದೆಂದರೆ ಊಟದ ನಡುವೆ ಎಲೆ ಬಿಟ್ಟು ಏಳುವುದು ಸರ್” ಎನ್ನುತ್ತಾನೆ.

“ನಿಧಾನಕ್ಕೆ ಊಟ ಮಾಡಪ್ಪಾ” ಎನ್ನುತ್ತಾರೆ ರಾಯರು.

ಇಷ್ಟಕ್ಕೇ ನಿಂತಿದ್ದರೆ ನಾನು ಅಂಕಣ ಬರೆಯುವ ಅಗತ್ಯವಿರಲಿಲ್ಲ. ಕಳೆದ ಆಯುಧಪೂಜೆಯ ದಿನ ವಿಷಯ ಧರ್ಮಸೂಕ್ಷ್ಮಕ್ಕೆ ತಿರುಗಿತು. ಅರಿಸಿನ ಕುಂಕುಮ ಹಚ್ಚುವಾಗ ಮೊದಲು ಮೌಸಿಗೋ ಕೀಬೋರ್ಡಿಗೋ? ರಾಯರು ತಡಮಾಡಲಿಲ್ಲ. “ಇದಕ್ಕೆ ಚರ್ಚೆ ಬೇರೆ ಬೇಕೇ? ಇಲಿಯ ಮೇಲೆ ಕುಳಿತು ಲೋಕವನ್ನು ನಡೆಸುವವನು ಯಾರು?” ಎಂದರು. ಕುಮಾರ ಸಿದ್ಧನಾಗಿಯೇ ಬಂದಿದ್ದ. “ಲೋಕ ಸುತ್ತಿ ಬನ್ನಿ ಎಂದು ಶಿವ ಪಾರ್ವತಿಯರು ಪಂದ್ಯ ಇಟ್ಟ ದಿನ ಗಣೇಶ ಇಲಿಯನ್ನು ನಂಬಿದನೇ ಸರ್? ತಂದೆ ತಾಯಿಗೆ ಒಂದು ಸುತ್ತು ಹಾಕಿ ಗೆದ್ದ. ಜಗತ್ತಿನ ಮೊದಲ ಶಾರ್ಟ್‌ಕಟ್ ಅದು.” ರಾಯರು ಆ ದಿನ ಪ್ರಸಾದದ ಕಡಲೆಪುರಿಯನ್ನು ಕೂಡ ಮುಟ್ಟಲಿಲ್ಲ.

ಮರುದಿನ ಸಾಕ್ಷ್ಯಗಳ ಯುದ್ಧ. ಆಪಲ್ ಕಂಪನಿಯಲ್ಲಿದ್ದ ಬ್ರೂಸ್ ಟೊಗ್ನಝಿನಿ ಎಂಬಾತ 1989ರಲ್ಲಿ ಬರೆದದ್ದನ್ನು ರಾಯರು ಎಲ್ಲಿಂದಲೋ ಹುಡುಕಿ, ಮುದ್ರಿಸಿ, ಮೇಜಿನ ಗಾಜಿನಡಿ ಇಟ್ಟರು. ಕೀಬೋರ್ಡೇ ವೇಗ ಎಂದು ಬಳಸುವವರಿಗೆ ಅನಿಸುತ್ತದೆ, ಆದರೆ ಸ್ಟಾಪ್‌ವಾಚ್ ಹಿಡಿದು ನೋಡಿದರೆ ಮೌಸೇ ವೇಗ ಎಂಬುದು ಅದರ ತಾತ್ಪರ್ಯ. ಯಾವ ಕೀಲಿ ಎಂದು ನೆನಪಿಸಿಕೊಳ್ಳುವುದಕ್ಕೆ ಹಿಡಿದ ಹೊತ್ತು ಮನುಷ್ಯನಿಗೆ ಮರೆತೇಹೋಗುತ್ತದಂತೆ. ಕುಮಾರ ಓದಿ, “ಅವರು ಹೇಳಿದ್ದು ಆ ಕಾಲದ ಶಾರ್ಟ್‌ಕಟ್‌ಗಳ ವಿಷಯ ಸರ್. ಹೆಸರು ಹಿಡಿದು ಕರೆಯುವುದಕ್ಕೆ ಯಾವ ಕೀಲಿಯನ್ನು ನೆನಪಿಟ್ಟುಕೊಳ್ಳಬೇಕು? ನಿಮ್ಮನ್ನು ಕರೆಯಬೇಕಾದರೆ ನಾನು ರಾಯರೇ ಎನ್ನುತ್ತೇನೆ. ಮೊದಲನೇ ಮಹಡಿ, ಎಡಗಡೆಯ ಸಾಲು, ಮೂರನೇ ಕುರ್ಚಿ ಎಂದು ಬೆರಳು ತೋರಿಸುತ್ತೇನೆಯೇ?” ಎಂದ. ಇದು ಒಳ್ಳೆಯ ಮಾತು ಎಂದು ನನಗೂ ಅನಿಸಿತು. ಆದರೆ ಅದೇ ಹೊತ್ತಿಗೆ ಅವನು ಕ್ಯಾಲ್ಕ್ಯುಲೇಟರನ್ನು ಹೆಸರು ಹಿಡಿದು ಕರೆದು ತೋರಿಸಲು ಹೋಗಿ, ಕೊನೆಯ ಅಕ್ಷರಕ್ಕೆ ಮೊದಲೇ ಎಂಟರ್ ಒತ್ತಿದ. ಕ್ಯಾಲೆಂಡರ್ ಬಂದು ನಿಂತಿತು.

ಎರಡನೆಯ ಸಲ ಪರದೆಯ ಮೇಲೆ ಅರ್ಥವಿಲ್ಲದ ಕನ್ನಡ ಅಕ್ಷರಗಳು ಮೂಡಿದವು. ಬೆಳಿಗ್ಗೆ ನುಡಿ ತಂತ್ರಾಂಶದಲ್ಲಿ ಸುತ್ತೋಲೆ ಟೈಪು ಮಾಡಿದ್ದವನು ಅದನ್ನು ಮುಚ್ಚಲು ಮರೆತಿದ್ದ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಗಳ ಮೇಲೆಯೇ ಕನ್ನಡದ ಧ್ವನಿಗಳನ್ನು ಚೆಂದಾಗಿ ಕೂಡಿಸಿಕೊಟ್ಟಿದ್ದಾರೆ, ಅದರ ತಪ್ಪೇನಿಲ್ಲ. ಕಂಪ್ಯೂಟರು ಒಂದು ಕ್ಷಣ ಯೋಚಿಸಿ ಏನೂ ಸಿಗಲಿಲ್ಲ ಎಂದಿತು. “ಬೆಂಗಳೂರಿನಲ್ಲಿ ಕನ್ನಡದಲ್ಲಿ ಕೇಳಿದರೆ ಸಿಗುವ ಉತ್ತರವನ್ನೇ ಕೊಟ್ಟಿದೆ, ಪಾಪ” ಎಂದರು ರಾಯರು. ಅಂದು ಅವರು ಕಡಲೆಪುರಿ ತಿಂದರು.

ಇವರಿಬ್ಬರೂ ಗೌರವಿಸಬೇಕಾದವರು ಡಗ್ಲಸ್ ಎಂಗೆಲ್‌ಬಾರ್ಟ್. 1964ರಲ್ಲಿ ಅವರ ಕಲ್ಪನೆಗೆ ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿ ರೂಪ ಕೊಟ್ಟ ಮೊದಲ ಮೌಸು ಮರದ ಡಬ್ಬಿ, ಅಡಿಯಲ್ಲಿ ಎರಡು ಗಾಲಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅದನ್ನು ಲೋಕಕ್ಕೆ ತೋರಿಸಿದಾಗ ಎಂಗೆಲ್‌ಬಾರ್ಟ್ ಅವರ ಬಲಗೈಯಲ್ಲಿ ಮೌಸಿತ್ತು, ಎಡಗೈ ಅಡಿಯಲ್ಲಿ ಐದೇ ಕೀಲಿಗಳ ಪುಟ್ಟ ಮಣೆಯೂ ಇತ್ತು. ಎರಡೂ ಕೈಗೆ ಕೆಲಸ ಕೊಟ್ಟಿದ್ದರು. ಮೌಸಿನ ಅಪ್ಪನೇ ಪಕ್ಷಾಂತರಿ! ಈ ಸಂಗತಿಯನ್ನು ನಾನು ಊಟದ ವೇಳೆಯಲ್ಲಿ ಹೇಳಿದೆ. ಎರಡೂ ಪಕ್ಷದವರು ನನ್ನನ್ನು ಪಕ್ಷೇತರ ಅಭ್ಯರ್ಥಿಯನ್ನು ನೋಡುವಂತೆ ನೋಡಿ ಉಪ್ಪಿನಕಾಯಿಯ ಕಡೆಗೆ ತಿರುಗಿದರು.

ಕೊನೆಗೆ ಆಡಳಿತ ವರ್ಗ ಮಧ್ಯೆ ಬಂತು. ಆಡಳಿತ ವರ್ಗ ಮಧ್ಯೆ ಬಂದರೆ ಸಮಿತಿ ಹುಟ್ಟುತ್ತದೆ. ಹನ್ನೊಂದು ಮಂದಿಯ ಸಮಿತಿ, ತಲಾ ಒಂದು ಗಂಟೆಯ ಮೂರು ಸಭೆಗಳು, ವಿಷಯ ‘ಕಾರ್ಯದಕ್ಷತೆ’. ಒಮ್ಮೆ ತೆರೆಯುವುದಕ್ಕೆ ಕೀಲಿಯಿಂದ ಎರಡು ಸೆಕೆಂಡು ಉಳಿಯುತ್ತದೆ, ದಿನಕ್ಕೆ ನಲವತ್ತು ಸಲ ತೆರೆಯುತ್ತೇವೆ, ಅಂದರೆ ತಲಾ 80 ಸೆಕೆಂಡು ಉಳಿತಾಯ ಎಂದು ಕುಮಾರ ಸ್ಲೈಡು ತೋರಿಸಿದ. ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿದ್ದ ನಾನು ಕೂತಲ್ಲೇ ಲೆಕ್ಕ ಹಾಕಿದೆ. ಹನ್ನೊಂದು ಮಂದಿಯ ಮೂರು ಗಂಟೆ ಎಂದರೆ 33 ಗಂಟೆ, 1,18,800 ಸೆಕೆಂಡು. ಆ ಸಾಲವನ್ನು ಕುಮಾರನೊಬ್ಬನೇ ತೀರಿಸುವುದಾದರೆ 1485 ಕೆಲಸದ ದಿನ ಬೇಕು, ಹೆಚ್ಚುಕಡಿಮೆ ಆರು ವರ್ಷ. ಸಭೆ ನಲವತ್ತು ನಿಮಿಷ ತಡವಾಗಿ ಶುರುವಾದದ್ದನ್ನು ನಾನು ಇದರಲ್ಲಿ ಸೇರಿಸಿಲ್ಲ. ಅಧ್ಯಕ್ಷರು ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಕೊಂಡಿದ್ದರು.

ಸಿಲ್ಕ್ ಬೋರ್ಡಿನ ಮಾತು ಬಂದದ್ದರಿಂದ ಹೇಳುತ್ತೇನೆ. ಕುಮಾರ ನಿತ್ಯ ಅದೇ ದಾರಿಯಲ್ಲಿ ಬರುತ್ತಾನೆ. ಒಮ್ಮೆ ಅವನ ಜೊತೆಗೆ 500-ಡಿ ಬಸ್ಸಿನಲ್ಲಿ ಕೂತಿದ್ದೆ. ಮೆಟ್ರೊ ಕಾಮಗಾರಿಯ ತಗಡಿನ ಬೇಲಿಯ ಪಕ್ಕದಲ್ಲಿ ಬಸ್ಸು ನಿಂತು, ಚಾಲಕ ಎಂಜಿನ್ ಆರಿಸಿ, ಕಿಟಕಿಯಿಂದ ಕಡಲೆಕಾಯಿ ಕೊಂಡು, ಸುಲಿದು, ತಿಂದು ಮುಗಿಸಿದರು. ಅಷ್ಟು ಹೊತ್ತೂ ಈ ಹುಡುಗ ನನಗೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರುವಾಗ ಆಲ್ಟ್-ಟ್ಯಾಬ್ ಒತ್ತಿದರೆ ಮುಕ್ಕಾಲು ಸೆಕೆಂಡು ಉಳಿಯುವ ಬಗೆಯನ್ನು ವಿವರಿಸುತ್ತಿದ್ದ. ಉಳಿಸಿದ ಸೆಕೆಂಡುಗಳನ್ನೆಲ್ಲ ಒಟ್ಟುಗೂಡಿಸಿ ಏನು ಮಾಡುತ್ತೀಯಪ್ಪಾ ಎಂದು ಕೇಳಿದೆ. ಇನ್ನಷ್ಟು ಶಾರ್ಟ್‌ಕಟ್ ಕಲಿಯುತ್ತೇನೆ ಎಂದ.

ರಾಯರ ಪಾಡೂ ಸುಖದ್ದಲ್ಲ. ಅವರು ದಾರಿಯನ್ನು ನೆನಪಿಟ್ಟುಕೊಳ್ಳುವವರು, ದಾರಿಯನ್ನೋ ಯಾರೋ ಅಗೆಯುತ್ತಲೇ ಇರುತ್ತಾರೆ. 2012ರಲ್ಲಿ ವಿಂಡೋಸ್ 8 ಬಂದು ಸ್ಟಾರ್ಟ್ ಗುಂಡಿಯನ್ನೇ ಕಿತ್ತು ಹಾಕಿತು. ಪೂಜಿಸುತ್ತಿದ್ದ ಅಶ್ವತ್ಥಕಟ್ಟೆಯನ್ನು ರಸ್ತೆ ಅಗಲೀಕರಣಕ್ಕೆ ತೆಗೆದವರ ಹಾಗೆ ಅವರು ಆ ಖಾಲಿ ಮೂಲೆಯನ್ನು ನೋಡುತ್ತ ಕೂತಿದ್ದು ನನಗೆ ನೆನಪಿದೆ. ಮರುವರ್ಷ ಗುಂಡಿ ಮರಳಿತು, ಮೆನು ಮರಳಲಿಲ್ಲ. ವಿಂಡೋಸ್ 10ರಲ್ಲಿ ಮೆನುವೂ ಬಂತು. ನೆಮ್ಮದಿ ಎನ್ನುವಷ್ಟರಲ್ಲಿ 2021ರ ವಿಂಡೋಸ್ 11 ಗುಂಡಿಯನ್ನು ಮೂಲೆಯಿಂದ ಎಬ್ಬಿಸಿ ನಡುವಿಗೆ ತಂದು ಕೂರಿಸಿತು. ಇಂದಿಗೂ ರಾಯರ ಬಾಣ ಮೊದಲು ಎಡಮೂಲೆಗೆ ಹೋಗಿ, ನಾಚಿ, ನಡುವಿಗೆ ಬರುತ್ತದೆ. ಬಸ್ ನಿಲ್ದಾಣ ಸ್ಥಳಾಂತರವಾದ ಮೇಲೂ ಹಳೆಯ ಮರದಡಿ ನಿಲ್ಲುವ ಮುದುಕರ ಹಾಗೆ.

ಇಷ್ಟೆಲ್ಲ ಆದ ಮೇಲೂ ನನ್ನ ಒಲವು ಯಾವ ಕಡೆ ಎಂದರೆ, ಮನಸ್ಸಿನಲ್ಲಿ ನಾನು ಕೀಲಿ ಪಕ್ಷದವನೇ. ಬೇಕಾದದ್ದನ್ನು ಬಾಯಿಬಿಟ್ಟು ಹೇಳಿದರೆ ಸಿಗಬೇಕು ಎಂಬ ಹಳೆಯ ಕಾಲದ ಆಸೆ. ದರ್ಶಿನಿಯಲ್ಲಿ “ಒಂದು ಬೈಟು” ಎಂದರೆ ಎರಡು ಲೋಟ ಬಂದು ನಿಲ್ಲುತ್ತಿದ್ದವು. ಅದಕ್ಕಿಂತ ಚಿಕ್ಕ ಶಾರ್ಟ್‌ಕಟ್ ಯಾವ ಕಂಪ್ಯೂಟರಿನಲ್ಲಿದೆ? ನಮ್ಮ ಬೀದಿಯ ದರ್ಶಿನಿಯಲ್ಲಿ ಈಗ ಗಲ್ಲಾಪೆಟ್ಟಿಗೆಯ ಜಾಗದಲ್ಲಿ ಮನುಷ್ಯನೆತ್ತರದ ಪರದೆ ನಿಂತಿದೆ. ಪಾನೀಯಗಳು ಎಂಬುದನ್ನು ಮುಟ್ಟಿ, ಬಿಸಿ ಎಂಬುದನ್ನು ಮುಟ್ಟಿ, ಕಾಫಿ ಮುಟ್ಟಿ, ಸಕ್ಕರೆಯ ಪ್ರಮಾಣ ತಿಳಿಸಿ, ಇಲ್ಲೇ ಕುಡಿಯುತ್ತೀರಾ ಕಟ್ಟಿಸಿಕೊಂಡು ಹೋಗುತ್ತೀರಾ ಎಂಬುದಕ್ಕೆ ಉತ್ತರಿಸಿ, ಮೊಬೈಲ್ ಸಂಖ್ಯೆ ಕೊಡಬೇಕು. ಬೈಟು ಎಂಬ ಗುಂಡಿ ಇಲ್ಲ. ಪರದೆಯ ಆಚೆ ಮೂರಡಿ ದೂರದಲ್ಲಿ ಕಾಫಿ ಹಾಕುವವರು ಕೈಕಟ್ಟಿ ನಿಂತು ನನ್ನನ್ನು ನೋಡುತ್ತಿರುತ್ತಾರೆ. ನನಗೆ ಬೇಕಾದ್ದು ಅವರಿಗೆ ಗೊತ್ತು, ಅವರಿಗೆ ಗೊತ್ತಿರುವುದು ನನಗೂ ಗೊತ್ತು. ಆದರೂ ಚೀಟಿ ಬರುವವರೆಗೆ ನಾವಿಬ್ಬರೂ ಅಪರಿಚಿತರು.

ದೂರವಾಣಿಯ ದೂರು ಸೇವೆಯದು ಇನ್ನೊಂದು ಕಥೆ. ಕನ್ನಡಕ್ಕಾಗಿ ಮೂರನ್ನು ಒತ್ತಿ ಎಂಬುದು ಕೇಳಿಸುವವರೆಗೆ ಎರಡು ಭಾಷೆಗಳಲ್ಲಿ ಕಾಯಬೇಕು. ಅದಿರಲಿ.

ಕೀಲಿ ಪಕ್ಷ ಅಧಿಕಾರಕ್ಕೆ ಬಂದರೆ ಏನಾದೀತು ಎಂಬುದಕ್ಕೂ ನಮ್ಮ ಟೆಕ್ ಪಾರ್ಕಿನಲ್ಲಿ ಮಾದರಿಯಿದೆ. ಹೊಸ ಲಿಫ್ಟುಗಳ ಒಳಗೆ ಮಹಡಿಯ ಗುಂಡಿಗಳೇ ಇಲ್ಲ. ಹೊರಗಿನ ಫಲಕದಲ್ಲಿ ಮಹಡಿಯ ಸಂಖ್ಯೆ ಒತ್ತಿದರೆ ‘ನೀವು ಸಿ ಲಿಫ್ಟಿಗೆ ಹೋಗಿ’ ಎಂದು ಅಪ್ಪಣೆಯಾಗುತ್ತದೆ. ಹೆಸರು ಹೇಳಿದರೆ ಸಾಕು, ದಾರಿ ಅದರದು. ಆದರೆ ನಮ್ಮ ಜನ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ ಪಳಗಿದವರು. ಯಾವ ಬಾಗಿಲು ತೆರೆಯಿತೋ ಅದಕ್ಕೆ ನುಗ್ಗುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಗುಂಡಿಗಾಗಿ ನಾಲ್ಕು ಗೋಡೆ ತಡಕಾಡುತ್ತಾರೆ. ಒಂಬತ್ತಕ್ಕೆ ಹೋಗಬೇಕಾದವರು ಹದಿನಾಲ್ಕನೆಯ ಮಹಡಿಯ ಅಪರಿಚಿತ ಕಚೇರಿಯ ಮುಂದೆ ಇಳಿದು, ಇಳಿದ ತಪ್ಪಿಗೆ ಅಲ್ಲಿನ ನೀರು ಕುಡಿದು ವಾಪಸಾಗುತ್ತಾರೆ. ರಾಯರಿಗೆ ಮಾತ್ರ ಯಾವ ತೊಂದರೆಯೂ ಆಗಿಲ್ಲ. ಅವರು ಮೆಟ್ಟಿಲು ಹತ್ತಿಕೊಂಡು ಬರುತ್ತಾರೆ.

ಹೋದ ಮಂಗಳವಾರದ ವಿಷಯ ಹೇಳಿ ಮುಗಿಸುತ್ತೇನೆ. ಕುಮಾರನ ಕೀಬೋರ್ಡಿನ ಮೇಲೆ ಫಿಲ್ಟರ್ ಕಾಫಿ ಬಿತ್ತು. ಅದೂ ಪೂರ್ತಿ ಲೋಟ, ಡಿಕಾಕ್ಷನ್ ಗಟ್ಟಿಯಾಗಿದ್ದದ್ದು. ಖಟಖಟ ಸದ್ದು ನಿಂತು ಇಡೀ ಮಹಡಿ ತಲೆಯೆತ್ತಿತು. ಪರದೆಯ ಮೇಲೆಯೇ ಒಂದು ಕೀಬೋರ್ಡನ್ನು ತರಿಸಬಹುದು ಎಂಬುದು ಅವನಿಗೆ ಗೊತ್ತು. ವಿಂಡೋಸ್, ಕಂಟ್ರೋಲ್, ಓ, ಈ ಮೂರು ಕೀಲಿ ಒಟ್ಟಿಗೆ ಒತ್ತಬೇಕು. ಬಾಯಿಪಾಠ. ಒತ್ತಲು ಕೀಲಿಗಳಿಲ್ಲ.

ಬೋರಲು ಬಿದ್ದಿದ್ದ ಮೌಸನ್ನು ಎತ್ತಿ, ಧೂಳು ಒರೆಸಿಕೊಂಡು ಅವನು ತಾನೇ ರಾಯರ ಬಳಿಗೆ ಬಂದ. “ಸರ್, ಆನ್-ಸ್ಕ್ರೀನ್ ಕೀಬೋರ್ಡ್ ಯಾವ ಮೆನುವಿನಲ್ಲಿದೆ?”

ಮೂವತ್ತು ವರ್ಷ ಈ ಪ್ರಶ್ನೆಗಾಗಿಯೇ ಕಾದಿದ್ದವರಂತೆ ರಾಯರು ಎದ್ದರು. ಕುಮಾರನ ಕುರ್ಚಿಯಲ್ಲಿ ಕುಳಿತು, ಕನ್ನಡಕ ಸರಿಮಾಡಿಕೊಂಡು, ಎಡಮೂಲೆಗೆ ಹೋಗಿ, ನಡುವಿಗೆ ಬಂದು, ಸ್ಟಾರ್ಟ್ ಒತ್ತಿದರು. “ಈಸ್ ಆಫ್ ಆಕ್ಸೆಸ್ ಎಂದಿರುತ್ತದಪ್ಪಾ” ಎಂದು ಪಟ್ಟಿಯನ್ನು ಮೇಲಿಂದ ಕೆಳಗೆ ಉರುಳಿಸಿದರು. ಇರಲಿಲ್ಲ. ಕೆಳಗಿಂದ ಮೇಲೆ ಉರುಳಿಸಿದರು. ಆ ಮನೆಗೆ ಈಗ ‘ಆಕ್ಸೆಸಿಬಿಲಿಟಿ’ ಎಂಬ ಹೊಸ ಹೆಸರಿಟ್ಟು ಪಟ್ಟಿಯ ಮೇಲುಗಡೆಗೆ ಒಯ್ದಿದ್ದರು. ಅದು ಸಿಗುವಷ್ಟರಲ್ಲಿ ಕಾಫಿ ಒಣಗಿತ್ತು.

ಪರದೆಯ ಮೇಲೆ ಕೀಬೋರ್ಡು ಮೂಡಿತು. ಹೊಸ ಕೀಬೋರ್ಡು ಬೇಕೆಂದು ಖರೀದಿ ವಿಭಾಗಕ್ಕೆ ಪತ್ರ ಬರೆಯಬೇಕಿತ್ತು. ಕುಮಾರ ಮೌಸು ಹಿಡಿದು, ಒಂದೊಂದೇ ಅಕ್ಷರದ ಮೇಲೆ ಬಾಣವನ್ನು ಒಯ್ದು, ಕ್ಲಿಕ್ಕಿಸತೊಡಗಿದ. ಎಂ. ಎ. ಎ ಬದಲು ಎಸ್ ಬಿತ್ತು, ಅಳಿಸಿದ. ಮತ್ತೆ ಎ.

ಇದರ ಕಾಲವನ್ನು ಅಳೆಯಲೇಬೇಕು ಎಂದು ರಾಯರು ಮೊಬೈಲ್ ತೆಗೆದು ಸ್ಟಾಪ್‌ವಾಚ್ ಹುಡುಕಲು ಹೊರಟರು. ಮೊದಲು ಸೆಟ್ಟಿಂಗ್ಸ್ ತೆರೆದರು, ಆಮೇಲೆ ಕ್ಯಾಲ್ಕ್ಯುಲೇಟರ್. “ಗಡಿಯಾರದ ಒಳಗಿದೆ ಸರ್” ಎಂದ ಕುಮಾರ, ಪರದೆಯಿಂದ ಕಣ್ಣು ತೆಗೆಯದೆ.