ಸುಂಕದ ಕಟ್ಟೆಯಲ್ಲಿ ಬಿಯರು, ಸೋಪು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತೀವಲ್ಲ, ಚೀನಾ ಸರ್ಕಾರದ ಪಾಡು ಇನ್ನೂ ಚೆಂದ. ಸುಂಕದವನು ಅದರದ್ದೇ ನೌಕರ, ಆದರೆ ಐರ್ಲೆಂಡಿನವನು. ರಾಬರ್ಟ್ ಹಾರ್ಟ್ ಅಂತ. 1863ರಿಂದ 1911ರವರೆಗೆ ಚೀನಾದ ಕಡಲ ಸುಂಕ ಇಲಾಖೆಗೆ ಅವನೇ ಯಜಮಾನ. ಲೆಕ್ಕದಲ್ಲಿ ಭಾರೀ ಚೊಕ್ಕ. ಆದರೆ ಚೊಕ್ಕ ಲೆಕ್ಕ ಹೋಗಿದ್ದೆಲ್ಲಿಗೆ? ಎರಡನೇ ಅಫೀಮು ಯುದ್ಧದಲ್ಲಿ 1860ರಲ್ಲಿ ಸೋತ ಚೀನಾ ಬ್ರಿಟನ್ನಿಗೂ ಫ್ರಾನ್ಸಿಗೂ ತಲಾ 80 ಲಕ್ಷ ಟೇಲ್ (ಚೀನಾದಲ್ಲಿ ಬೆಳ್ಳಿ ತೂಗುವ ಅಳತೆ) ಬೆಳ್ಳಿ ದಂಡ ಕಟ್ಟಬೇಕಿತ್ತು. ಸುಂಕದ ಐದನೇ ಒಂದು ಪಾಲು ಇವರಿಗೆ, ಅಷ್ಟೇ ಇನ್ನೊಂದು ಪಾಲು ಅವರಿಗೆ. ಹೊಡೆಸಿಕೊಂಡವನೇ ಬೆತ್ತದ ಬೆಲೆ ಕೊಟ್ಟ.

ಅದೇ ಯುದ್ಧದ ನಡುವೆ ಚೀನಾ ವಿದೇಶಿಯರೊಂದಿಗೆ ಒಪ್ಪಿಕೊಂಡ 1858ರ ಸುಂಕದ ಪಟ್ಟಿ ಓದಿ ನೋಡಿ. ರಾಜತಂತ್ರದ ಕಾಗದ ಅನ್ನಿಸುವುದಿಲ್ಲ, ತಿಂಗಳ ದಿನಸಿ ಚೀಟಿ ಅನ್ನಿಸುತ್ತದೆ. ಬೆಣ್ಣೆ, ಚೀಸ್, ಬಿಸ್ಕತ್ತು, ಸೋಪು, ಅತ್ತರು, ಸಿಗಾರು, ವೈನು, ಬಿಯರು: ಸುಂಕವಿಲ್ಲ. ದೊರೆಗಳ ಮನೆಗೆ ಬೇಕಲ್ವಾ! ನಮ್ಮ ಬಂಗಾಳದಿಂದ ಹೋಗುತ್ತಿದ್ದ ಅಫೀಮಿಗೆ ಮಾತ್ರ 60 ಕೆಜಿಗೆ 30 ಟೇಲ್ ಸುಂಕ. ಪಾಪ, ಚೀನಾಕ್ಕೆ ನಷ್ಟ ಆಗಬಾರದು ನೋಡಿ. ಅಲ್ಲಿಯವರೆಗೆ ಕಳ್ಳಮಾಲಾಗಿದ್ದದ್ದು ರಸೀದಿ ಸಿಕ್ಕಿದ್ದೇ ಮರ್ಯಾದಸ್ಥ ಸರಕಾಯಿತು.

ಒಳನಾಡಿನದ್ದು ಬೇರೆ ತಮಾಷೆ. ದಾರಿಯುದ್ದಕ್ಕೂ ಲಿಕಿನ್ ಎಂಬ ತೆರಿಗೆಯ ಗೇಟುಗಳು. ವಿದೇಶಿ ವ್ಯಾಪಾರಿ ಒಂದೇ ಸಲ ಶೇ. 2.5 ಕಟ್ಟಿ ಪಾಸು ತೋರಿಸಿದರೆ ಸಾಕು, ಗೇಟು ತೆರೆಯುತ್ತಿತ್ತು. ಚೀನಾದವನು ಗೇಟಿಗೊಮ್ಮೆ ಜೇಬಿಗೆ ಕೈ ಹಾಕಬೇಕು. ಅವನೇನು ದಡ್ಡನೇ? ವಿದೇಶಿಯೊಬ್ಬನ ಹೆಸರು ಬಾಡಿಗೆಗೆ ಹಿಡಿದ. ಚೀನಾದ ಸರಕು, ಚೀನಾದ ನದಿ, ಕಾಗದದಲ್ಲಿ ಮಾತ್ರ ಸಾಹೇಬ.

ಇದನ್ನೆಲ್ಲ ಸರಿಪಡಿಸೋಣ ಎಂದು ಬ್ರಿಟನ್ 1902ರ ಮಾತುಕತೆಗೆ ಒಬ್ಬರನ್ನು ಕಳಿಸಿತು. ಜೇಮ್ಸ್ ಮೆಕೇ. ಕಲ್ಕತ್ತೆಯಲ್ಲಿ ಹಡಗಿನ ವ್ಯವಹಾರದಲ್ಲಿ ಪಳಗಿದವರು. ಹಡಗಿನ ಹಕ್ಕು ಮಾತಾಡಲು ಹಡಗಿನವರೇ! ಫಲವೂ ಸಿಕ್ಕಿತು: ಒಳನಾಡಿನ ನದಿ ದಂಡೆಗಳಲ್ಲಿ ಬ್ರಿಟಿಷ್ ಹಡಗಿನವರು ಗೋದಾಮು, ಜೆಟ್ಟಿಗಳನ್ನು 25 ವರ್ಷದವರೆಗೆ ಗುತ್ತಿಗೆ ಹಿಡಿಯಬಹುದು. ಲಿಕಿನ್ ತೆಗೆದು ಸುಂಕವನ್ನು ಶೇ. 12.5ಕ್ಕೆ ಏರಿಸುವ ಮಾತೂ ಇತ್ತು. ಅದು ಕಾಗದದಲ್ಲೇ ಉಳಿಯಿತು. ಉಳಿದ ದೇಶಗಳೂ ಒಪ್ಪಬೇಕಿತ್ತಂತೆ!

ಅಂದಹಾಗೆ, ಬಿಯರಿನ ಕಥೆ ಅರ್ಧಕ್ಕೇ ಬಿಟ್ಟೆ. 1901ರಲ್ಲಿ ಅದಕ್ಕೂ ಸೋಪಿಗೂ ಶೇ. 5 ಸುಂಕ ಬಿತ್ತು, ವಿದೇಶಿಯರ ಒಪ್ಪಿಗೆಯಿಂದಲೇ. ನ್ಯಾಯಬುದ್ಧಿ ಬಂತು ಅಂದುಕೊಂಡಿರಾ? ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಗಾಗಿ ಆ ವರ್ಷ ಚೀನಾದ ಮೇಲೆ 45 ಕೋಟಿ ಟೇಲ್ ಹೊಸ ದಂಡ ಹೇರಿದ್ದರು. ಅದರ ಒಂದು ಪಾಲು ವಸೂಲಿ ಆಗಬೇಕಿದ್ದದ್ದು ಇದೇ ಸುಂಕದಿಂದ.